ಬಾವಲಿ ಹೋದದ್ದು ಯಾವ ಕಡೆಗೆ

ಮಸ್ಕಿಯ ಪ್ಯಾಟಿಯಲ್ಲಿ ಶಿವಬಸಮ್ಮನ ಬಾವಲಿ ನೋಡದ ಹೆಣ್ಣುಮಗಳು ಇರಲಿಲ್ಲ. ಕಿವಿಯ ಮೇಲಂಚಿಗೆ ಹಾಕುವ ಬಂಗಾರದ ಒಡವೆ ಅದು. ನಡುವೆ ಕೆಂಪು ಹರಳು, ಸುತ್ತ ಮುತ್ತು. ಅವಳ ಅತ್ತೆ ಕೊಟ್ಟದ್ದು. ಗಂಡ ತೀರಿದ ಮೇಲೆ ಶಿವಬಸಮ್ಮ ಹಾಕಿಕೊಳ್ಳುವುದನ್ನು ಬಿಟ್ಟಳು, ಸೊಸೆಗೂ ಕೊಡಲಿಲ್ಲ. "ಕೂಸು ಹುಟ್ಟಲಿ, ತೊಟ್ಟಿಲಾಗ ಹಾಕೋ ದಿನ ಕೊಡ್ತೀನಿ" ಅನ್ನುತ್ತಿದ್ದಳು. ಸೊಸೆ ಶೇಖರಮ್ಮ ಬಂದು ಆರು ವರ್ಷವಾಯಿತು. ತೊಟ್ಟಿಲು ಅಟ್ಟದ ಮೇಲೆಯೇ ಇತ್ತು, ಬಾವಲಿ ಸಂದೂಕದಲ್ಲೇ ಇದ್ದವು.

ಹಾರಾಡುವ ಬಾವಲಿ ಬಂದದ್ದು ತುಂಗಭದ್ರೆಯ ಕಾಲುವೆ ನೀರು ತುರ್ವಿಹಾಳಕ್ಕೆ ಬಂದ ಮರುವರ್ಷ, ಉಗಾದಿಗೆ ಮುಂಚೆ. ದೀಪ ಹಚ್ಚಿ ಊಟಕ್ಕೆ ಕೂತಿದ್ದರು. ಹಂಪಣ್ಣ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚುತ್ತಿದ್ದ. ಮಾಳಿಗೆಯ ಬೆಳಕಿಂಡಿಯಿಂದ ಕರ್ರಗಿನದೊಂದು ಇಳಿದು ಕೋಣೆಯನ್ನು ಸುತ್ತಿತು.

"ಯವ್ವಾ! ತೊಗಲಹಕ್ಕಿ!" ಶಿವಬಸಮ್ಮ ಸೆರಗಿನಿಂದ ತಲೆ ಮುಚ್ಚಿಕೊಂಡಳು. "ಹೊಡಿಯೋ ಹಂಪಣ್ಣ! ಕೂದಲಾಗ ಸಿಕ್ಕೊಂಡ್ರ ಬಿಡಂಗಿಲ್ಲ ಅದು!"

ಹಂಪಣ್ಣ ಬಾಗಿಲ ಹಿಂದಿನ ಬಡಿಗೆ ತಗೊಂಡು ಬೀಸಿದ. ಕಿರಾಣಿ ಅಂಗಡಿಯಲ್ಲಿ ಕೂತು ಕೂತು ಮೈ ಬೆಳೆಸಿದವನು. ಬಡಿಗೆ ಹಕ್ಕಿಗೆ ತಾಗಲಿಲ್ಲ, ಲಾಟೀನಿಗೆ ತಾಗಿತು. ಗಾಜು ಒಡೆದು ಪಲ್ಯದಲ್ಲಿ ಬಿತ್ತು.

"ಹೊಡಿಬ್ಯಾಡ್ರಿ," ಅಂದಳು ಶೇಖರಮ್ಮ. "ಹೊಡದಂಗೆಲ್ಲ ಅದು ಹೆದರಿ ಸುತ್ತತೈತಿ. ಎಲ್ಲಾರು ಸುಮ್ಕ ಕೂಡ್ರಿ. ಒಳಕೋಣಿ ಬಾಗಲಾ ಹಾಕ್ತೀನಿ, ತಲಬಾಗಲಾ ತಗೀತೀನಿ. ದೀಪ ಆರಿಸಿದ್ರ ತಾನ ಹೋಗತೈತಿ."

"ದೀಪ ಆರಸ್ತಾಳಂತ! ಮನಿ ದೀಪ ಆರ್ಸಾಕ ಬಂದೀಯೇನ ನೀ?"

ಅತ್ತೆಯ ಮಾತು ಮುಗಿಯುವುದರೊಳಗೆ ಅವಳು ತಲೆಬಾಗಿಲು ತೆರೆದು ಬುಡ್ಡಿದೀಪವನ್ನೂ ಊದಿದಳು. ಕತ್ತಲೆಯಲ್ಲಿ ರೆಕ್ಕೆಯ ಸಪ್ಪಳ ಎರಡು ಸುತ್ತು ಕೇಳಿಸಿತು, ಆಮೇಲೆ ಇಲ್ಲ. ಶೇಖರಮ್ಮ ತಲೆಬಾಗಿಲು ಮುಚ್ಚಿ ಬಂದು ದೀಪ ಹಚ್ಚಿದಳು.

"ಬಾವಲಿ ಹೋತ್ರಿ ಅತ್ತಿ."

"ಏನಂದಿ?" ಶಿವಬಸಮ್ಮ ಸೆರಗು ತೆಗೆದಳು. "ಏನ ಹೋತು?"

"ಬಾವಲಿ ರೀ. ಹೊರಗ ಹೋತು."

"ಬಾಯಾಗ ಮಣ್ಣ ಬೀಳಲಿ ನಿನ್ನ! ಬಂಗಾರದ ಹೆಸರ ಆ ಹೊಲಸಿಗೆ ಇಡ್ತೀಯೇನ? ಬಾವಲಿ ಅಂದ್ರ ನನ್ನ ಸಂದೂಕದಾಗ ಐತಿ. ಅದು ಹೋತು ಅಂತ ದೀಪ ಹಚ್ಚೋ ಹೊತ್ತಿನ್ಯಾಗ ಅಂತಾಳ ನೋಡು. ಈ ಮನ್ಯಾಗ ಅದಕ್ಕ ತೊಗಲಹಕ್ಕಿ ಅಂತಾರ. ನಮ್ಮತ್ತಿ ಕಾಲದಿಂದ್ಲೂ ಹಂಗ. ಅನ್ನು."

"ತೊಗಲಹಕ್ಕಿ ರೀ."

ಹಂಪಣ್ಣ ನಕ್ಕ. "ಮುದಗಲ್ಲ ಕ್ವಾಟಿ ಬುಡದಾಗ ಬೆಳದಾಕಿ ಬೇ ಅವ್ವಾ ಈಕಿ. ಅವು ಇವರ ಬಳಗ."

ಅದು ಅರ್ಧ ನಿಜವೇ. ಮುದಗಲ್ಲಿನ ಕೋಟೆಗೋಡೆಗೆ ಆತುಕೊಂಡ ಅವಳ ತವರಿಗೆ ಬಾವಲಿಗಳು ಪಕ್ಕದ ಮನೆಯ ಕೋಳಿ ಬಂದಂತೆ ಬಂದು ಹೋಗುತ್ತಿದ್ದವು. ಅಜ್ಜಿ ಹೇಳಿಕೊಟ್ಟಿದ್ದಳು: ಬರಿಗೈಲಿ ಮುಟ್ಟಬ್ಯಾಡ, ಕಚ್ಚತೈತಿ, ನೆಲದ ಮ್ಯಾಲೆ ಬಿಡಬ್ಯಾಡ, ನೆಲದಿಂದ ಅದಕ್ಕ ಏಳಾಕ ಬರಂಗಿಲ್ಲ, ಗಿಡಕ್ಕರ ಗ್ವಾಡಿಗರ ಹಚ್ಚಿ ಬಿಡು. ಆ ಅಜ್ಜಿ ಈಗ ಇಲ್ಲ. ಅಪ್ಪ ಅವ್ವನೂ ಇಲ್ಲ. ಇದ್ದದ್ದು ಅಣ್ಣ, ಅಣ್ಣನ ಹೆಂಡತಿ. ನಾಗರಪಂಚಮಿಗೆ ಕರೆಯುವುದನ್ನೂ ಆ ಅತ್ತಿಗೆ ಬಿಟ್ಟಿದ್ದಳು. ಹೀಗಾಗಿ ಶೇಖರಮ್ಮನಿಗೆ ಈ ಭೂಮಿಯ ಮೇಲೆ ಇದ್ದದ್ದು ಇದೊಂದೇ ಮನೆ, ಆ ಮನೆಯಲ್ಲಿ ಒಲೆಯ ಮುಂದಿನ ಜಾಗ. ಅದನ್ನು ಬಿಟ್ಟು ಏಳಬಾರದೆಂದು ಅವಳು ಯಾರು ಏನು ಅಂದರೂ ಅನ್ನಿಸಿಕೊಳ್ಳುತ್ತಿದ್ದಳು.

ಬಾವಲಿ ಒಂದು ಸಲಕ್ಕೆ ಬಿಡಲಿಲ್ಲ. ಜಂತಿಯ ಸಂದಿಯಲ್ಲಿ ಎಲ್ಲೋ ಮನೆ ಮಾಡಿತ್ತು. ನಾಕು ದಿನಕ್ಕೊಮ್ಮೆ ಊಟದ ಹೊತ್ತಿಗೆ ಕೆಳಗಿಳಿಯುವುದು. ಹಾಲು ಒಡೆದರೆ ಅದರಿಂದ. ಅಂಗಡಿಯ ಬೆಲ್ಲಕ್ಕೆ ಇರುವೆ ಹತ್ತಿದರೆ ಅದರಿಂದ. ಹಂಪಣ್ಣನಿಗೆ ಹೊಟ್ಟೆ ಕೆಟ್ಟರೆ ಅದರಿಂದ. ಅದು ಬಂದದ್ದು ಯಾರಿಂದ? ಬಂಜೆಯಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

"ಮಕ್ಕಳಾಡೋ ಮನ್ಯಾಗ ತೊಗಲಹಕ್ಕಿ ಬರಂಗಿಲ್ಲ. ಹಾಳು ಮನಿ ಅಂತ ಗುರ್ತ ಹಿಡದು ಬಂದೈತಿ," ಅಂದಳು ಶಿವಬಸಮ್ಮ. "ಅದು ಹೋಗೋತನಕ ನಿನಗ ರಾತ್ರಿ ಉಣ್ಣಾಕಿಲ್ಲ."

"ಅತ್ತಿ, ನಾ ಏನ ಮಾಡೀನ್ರಿ?"

"ಏನೂ ಮಾಡಿಲ್ಲ. ಅದ ನಿಂದು ತಪ್ಪು."

ಹಂಪಣ್ಣ ಇನ್ನೊಂದು ರೊಟ್ಟಿ ಮುರಿದ. ಅವನು ಕೆಟ್ಟವನಲ್ಲ ಎಂದು ಓಣಿಯವರು ಅನ್ನುತ್ತಿದ್ದರು. ಕೆಟ್ಟವರಿಗಿಂತ ಇಂಥವರೇ ಹೆಚ್ಚು ಮನೆ ಮುರಿಯುತ್ತಾರೆ, ಅದನ್ನು ಮಾತ್ರ ಯಾರೂ ಅನ್ನುವುದಿಲ್ಲ.

ರಾತ್ರಿ ಊಟ ನಿಂತದ್ದು ಹಿತ್ತಲ ಕರೀಮಾಬಿಗೆ ಗೊತ್ತಾಯಿತು. ಅವಳ ಗಂಡ ಲಾಲ್‌ಸಾಬ್ ಹೊಲಿಗೆ ಕೆಲಸದವನು. ಶಿವಬಸಮ್ಮನದೇ ಹಿತ್ತಲ ಮನೆಯಲ್ಲಿ ಬಾಡಿಗೆಗೆ ಇದ್ದರು. ನಡುವೆ ಎದೆಮಟ್ಟದ ಗೋಡೆ. ಬೇಯಿಸಿದ್ದನ್ನು ಕೊಟ್ಟರೆ ಇವರಲ್ಲಿ ನಡೆಯದು ಎಂದು ಕರೀಮಾಬಿ ಗೋಡೆಯ ಮೇಲೆ ಹಸಿ ಶೇಂಗಾ, ಒಂದು ತುಣುಕು ಬೆಲ್ಲ ಇಟ್ಟು ಹೋಗುತ್ತಿದ್ದಳು. ಶೇಖರಮ್ಮ ಭಾಂಡಿ ತಿಕ್ಕುತ್ತ ಅದನ್ನು ತಿಂದು ನೀರು ಕುಡಿಯುತ್ತಿದ್ದಳು.

ಉಗಾದಿ ಆಗಿ ವಾರಕ್ಕೆ ತುರ್ವಿಹಾಳದಿಂದ ಶಿವಬಸಮ್ಮನ ತಮ್ಮ ಸೂಗಪ್ಪ ಬಂದ. ಮೊದಲು ಅವನು ಬಂದರೆ ಹರಕು ರುಮಾಲು ಸುತ್ತಿಕೊಂಡು ಅಕ್ಕನ ಅಂಗಡಿಯಲ್ಲಿ ಉದ್ರಿ ಕೇಳುತ್ತಿದ್ದ. ಕಾಲುವೆ ನೀರು ಹೊಲಕ್ಕೆ ಹರಿದ ಮೇಲೆ ಅವನ ಕೆಮ್ಮೇ ಬೇರೆ ಆಗಿತ್ತು. ಒಂದು ಚೀಲ ಹೊಸ ಅಕ್ಕಿ ತಂದಿದ್ದ. ಜೋಳ ಉಣ್ಣುವ ಮನೆಯಲ್ಲಿ ಅಂದು ಅನ್ನದ ವಾಸನೆ ಓಣಿಯವರೆಗೂ ಹೋಯಿತು. ಶೇಖರಮ್ಮ ಬಡಿಸಿದಳು, ಅಕ್ಕ ತಮ್ಮ ಅವಳ ಎದುರಿಗೇ ಮಾತಾಡಿದರು.

"ಕಸ್ತೂರಿಗೆ ಹದಿನೇಳು ತುಂಬ್ತು ಅಕ್ಕ. ನೀ ಕೇಳಿದ್ರ ಇಲ್ಲ ಅನ್ನಂಗಿಲ್ಲ. ಆದ್ರ ಸವತಿ ಮ್ಯಾಲೆ ನನ್ನ ಮಗಳನ್ನ ಕೊಡಂಗಿಲ್ಲ."

"ಸವತಿ ಏನ ಮಾಡ್ತಾಳೋ? ಮೂಲ್ಯಾಗ ಬಿದ್ದಿರ್ತಾಳ."

"ಬಿಲ್ಕುಲ್ ಇಲ್ಲ. ಒಂದ ಮನ್ಯಾಗ ಎರಡ ಒಲಿ ಬ್ಯಾಡ. ಮತ್ತ ಸಿಂಧನೂರಾಗ ವಕೀಲ ಅನ್ನಾಕತ್ತಿದ್ದ, ಎರಡನೇದು ಮಾಡ್ಕೊಳ್ಳಾಕ ಬರಂಗಿಲ್ಲಂತ ಕಾಯ್ದೆ ಬರಾಕತ್ತೈತಂತ. ಈಕಿನ್ನ ಹಿರ್‍ಯಾರ ಮುಂದ ಬಿಡಿಸಿ ತವರಿಗೆ ಕಳಿಸಿಬಿಡು. ಜಲ್ದಿ ಆಗಬೇಕು."

"ಮಕ್ಕಳಿಲ್ಲ ಅಂತ ಹೇಳಿದ್ರ ಪಂಚರಾಗ ದೊಡ್ಡಾಂವ ಅಮರಗುಂಡಪ್ಪ ಕಳಸಾಕ ಒಪ್ಪಂಗಿಲ್ಲ. ಇಬ್ರನ್ನೂ ಇಟ್ಕೊ ಅಂತಾನ ಮುದುಕ."

"ಹಂಗಾದ್ರ ಬ್ಯಾರೆ ಏನರ ತಪ್ಪ ಹುಡುಕು," ಅಂದ ಸೂಗಪ್ಪ. ಶೇಖರಮ್ಮನ ಕಡೆ ತಿರುಗಿ, "ಇನ್ನೊಂದೀಟು ಸಾರು ಹಾಕವ್ವ," ಅಂದ.

ಅವಳು ಹಾಕಿದಳು. ಎರಡು ಹನಿ ಅವನ ಧೋತ್ರದ ಮೇಲೆ ಬಿದ್ದವು, ಅದಕ್ಕೂ ಬೈಸಿಕೊಂಡಳು.

ಆಮೇಲೆ ಒಂದು ಸಂಜೆ ಹಂಪಣ್ಣನ ಬಡಿಗೆ ಅಂತೂ ತಾಗಿತು. ಬಾವಲಿ ಜೋಳ ತುಂಬುವ ಗುಮ್ಮಿಯ ಪಕ್ಕ ಬಿದ್ದು ನೆಲದ ಮೇಲೆ ತೆವಳತೊಡಗಿತು. ಹಂಪಣ್ಣ ಮತ್ತೊಂದು ಏಟಿಗೆ ಕೈ ಎತ್ತಿದ. ಶೇಖರಮ್ಮ ಅಡ್ಡ ಬಂದಳು. ಏಟು ಅವಳ ಮುಂಗೈಗೆ ಬಿತ್ತು. ಅವಳು ಕೈ ಒತ್ತಿಕೊಂಡು ಒಂದು ಗಳಿಗೆ ಕೂತಳು. ಆಮೇಲೆ ಬರಿಗಡಿಗೆಯೊಂದನ್ನು ತಂದು ಹಕ್ಕಿಯ ಮೇಲೆ ಕವುಚಿ, ಕೇರುವ ಮರವನ್ನು ಗಡಿಗೆಯ ಬಾಯಿಯಡಿಗೆ ಮೆಲ್ಲಗೆ ತೂರಿಸಿ, ಎರಡನ್ನೂ ಜೋಡಿಸಿ ಹಿಡಿದು ಹಿತ್ತಲಿಗೆ ಹೋದಳು. ಕೈಗೆ ದಪ್ಪ ಅರಿವೆ ಸುತ್ತಿಕೊಂಡು ಗಡಿಗೆಯನ್ನು ಗೋಡೆಗೆ ಹಿಡಿದಳು. ಬಾವಲಿ ಗೋಡೆಗೆ ಕಚ್ಚಿಕೊಂಡಿತು, ಉಸಿರು ತಗೊಂಡಿತು, ಹಾರಿ ಆಚೆಯ ಹುಣಸೆಗಿಡಕ್ಕೆ ಹೋಯಿತು.

ಗೋಡೆಯಾಚೆ ಕರೀಮಾಬಿ ನಿಂತಿದ್ದಳು. "ಬಾವಲಿ ಹೊರಗ ಹಾಕಿದೇನ ಶೇಖರವ್ವ?"

"ಹಾಕಿದೆ ಅವ್ವ. ನಿಮ್ಮ ಕಡೆ ಬಂತು."

"ಬರಲಿ ಬಿಡು. ನಮ್ಮಲ್ಲೇ ಇರಲಿ. ನಿನ್ನ ಪೀಡಾ ಹೋತಲ್ಲ, ಇವತ್ತರ ಉಣ್ಣು."

ಇಬ್ಬರೂ ನಕ್ಕರು. ಶೇಖರಮ್ಮ ನಕ್ಕದ್ದು ಎಷ್ಟೋ ತಿಂಗಳ ಮೇಲೆ. ಹಿತ್ತಲ ಬಾಗಿಲಲ್ಲಿ ಚರಿಗೆ ಹಿಡಿದು ನಿಂತ ಶಿವಬಸಮ್ಮನಿಗೆ ಆ ನಗೆಯೂ ಕೇಳಿಸಿತು, ಮಾತೂ ಕೇಳಿಸಿತು. ಅವಳು ಬೈಯಲಿಲ್ಲ. ಬಾವಲಿ ಅಂದದ್ದಕ್ಕೂ ಬೈಯಲಿಲ್ಲ. ಒಳಗೆ ಹೋಗಿ ಸೊಸೆಗೆ ತಾನೇ ರೊಟ್ಟಿ ಹಾಕಿದಳು, ಮೇಲೆ ತುಪ್ಪ ಹಾಕಿದಳು.

"ಉಣ್ಣು. ಕೈ ಬಾತೈತಿ, ಅರಿಷಿಣ ಹಚ್ಚಿಕೊ."

ಶೇಖರಮ್ಮನ ಕಣ್ಣಲ್ಲಿ ನೀರು ಬಂತು. ಪಾಪದ ಹುಡುಗಿ, ತನ್ನ ಕಷ್ಟ ಬಾವಲಿಯ ಜೊತೆಗೇ ಹಾರಿಹೋಯಿತು ಅಂದುಕೊಂಡಳು. ತುಪ್ಪದ ರೊಟ್ಟಿಗೆ ಸೋಲದ ಹಸಿವು ಎಲ್ಲಿದೆ?

ಮುಂದಿನ ಸಂತೆಗೆ ಸೂಗಪ್ಪ ಮತ್ತೆ ಬಂದ. ಅವನು ಹೋಗುವಾಗ ಅಕ್ಕ ಶೇಂಗಾ ಉಂಡಿಯ ಡಬ್ಬಿ ಕೊಟ್ಟಳು. ಮುಚ್ಚಿಟ್ಟು ಹೇಳುವುದೇಕೆ? ಡಬ್ಬಿಯ ತಳದಲ್ಲಿ, ಹಳದಿ ಅರಿವೆಯಲ್ಲಿ ಕಟ್ಟಿದ ಎರಡು ಬಾವಲಿ ಇದ್ದವು.

"ಮದುವಿ ದಿನ ಹಾಕು ಕಸ್ತೂರಿಗೆ. ಅಲ್ಲೀತನಕ ಯಾರಿಗೂ ತೋರಿಸಬ್ಯಾಡ."

"ಆಮ್ಯಾಲೆ ಯಾರರ ಗುರ್ತ ಹಿಡದ್ರ?"

"ಅಂಥವ ಮತ್ತ ಮಾಡಿಸೀನಿ ಅಂತೀನಿ. ನನ್ನ ಬಾಯಿ ಏನ ಬಿದ್ದಹೋಗೈತೇನ?"

ಮರುದಿನ ಸಂದೂಕದ ಮುಂದೆ ಕೂತು ಶಿವಬಸಮ್ಮ ಎದೆ ಬಡಿದುಕೊಂಡಳು, ಆದರೆ ಮಗನ ಎದುರಿಗೆ ಮಾತ್ರ. ಸೊಸೆ ಆಗ ಕೆರೆಗೆ ಹೋಗಿದ್ದಳು.

"ಬಾವಲಿ ಇಲ್ಲೋ ಹಂಪಣ್ಣ! ಆಕೀನ ಹಿತ್ತಲ ಸಾಬರ ಮನಿಗೆ ದಾಟಿಸ್ಯಾಳ. ನಾ ಕಿವಿಯಾರ ಕೇಳೀನಿ. 'ಬಾವಲಿ ಹೊರಗ ಹಾಕಿದೆ, ನಿಮ್ಮ ಕಡೆ ಬಂತು' ಅಂದ್ಲು."

ಹಂಪಣ್ಣ ತಾಯಿಯ ಮುಖ ನೋಡಿದ. "ಅವ್ವಾ, ಅದು ತೊಗಲಹ..."

"ಏನದು?"

ತಾಯಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. "ಕಸ್ತೂರಿ ಹೊಲದಾಗ ಎರಡ ಬೆಳಿ ಬರ್ತಾವ," ಅಂದಳು ಮೆಲ್ಲಗೆ. "ನಿನಗ ಹೆಸರ ಹೇಳಾಕ ಒಂದು ಕೂಸ ಬೇಕೋ ಬ್ಯಾಡೋ?"

ಅವನು ಅಂಗಡಿಗೆ ಹೋದ.

ಸೋಮವಾರ ಮುಂಜಾನೆ ಶಿವಬಸಮ್ಮ ಸೊಸೆಗೆ ಉಪ್ಪಿಟ್ಟು ಮಾಡಲು ಹೇಳಿದಳು. "ಅಮರಗುಂಡಪ್ಪನೋರು ಬರ್ತಾರ, ಹಿರ್‍ಯಾರು ಬರ್ತಾರ, ಮಠದ ಅಯ್ಯನೋರೂ ಬರ್ತಾರ. ಮನಿಗೆ ಬಂದ ಪೀಡಾ ಹೋತೋ ಇಲ್ಲೋ ಅಂತ ಕೇಳ್ತಾರ. ಹೆಂಗ ಹೋತು, ಯಾವ ಕಡೆ ಹೋತು, ಖರೆ ಹೇಳು. ಆಮ್ಯಾಲೆ ಶಾಂತಿ ಮಾಡಸೋಣು."

"ಹೇಳ್ತೀನ್ರಿ ಅತ್ತಿ."

"ಮತ್ತ ನೋಡು. ಅಯ್ಯನೋರ ಮುಂದ ತೊಗಲು ಗಿಗಲು ಅನಬಾರದು. ಮಡಿ ಮಂದಿ. ನಿನ್ನ ತವರಾಗ ಏನಂತೀರಿ?"

"ಬಾವಲಿ ಅಂತೀವ್ರಿ."

"ಹಾಂ, ಹಂಗ ಅನ್ನು. ಒಂದಿನಕ್ಕ ಏನಾಗಂಗಿಲ್ಲ."

ಶೇಖರಮ್ಮ ಖುಷಿಯಲ್ಲಿ ಉಪ್ಪಿಟ್ಟಿಗೆ ಒಂದು ಹಿಡಿ ಹೆಚ್ಚು ಶೇಂಗಾ ಹಾಕಿದಳು. ಅತ್ತೆ ತನ್ನ ತವರಿನ ಮಾತು ಆಡಲು ಬಿಟ್ಟಳಲ್ಲ! ಹಿರಿಯರು ತಿಂದರು, ಚಹಾ ಕುಡಿದರು, ಚೆನ್ನಾಗಿದೆ ಅಂದರು. ಅಮರಗುಂಡಪ್ಪ ಮೀಸೆ ಒರೆಸಿಕೊಂಡು ಅವಳನ್ನು ಕಂಬದ ಹತ್ತಿರ ಕರೆದ. ಎಪ್ಪತ್ತರ ಮುದುಕ, ಮಾತಿಗೆ ನಿಂತವನು ಎಂದು ಹೆಸರು.

"ತಂಗಿ, ಹೆದರಬ್ಯಾಡ. ಬಾವಲಿ ಯಾರ ಹೊರಗ ಹಾಕಿದ್ರು?"

"ನಾನ ರೀ ಯಪ್ಪಾ."

"ನೀನ? ಯಾರರ ಹಾಕು ಅಂದಿದ್ರೇನು?"

"ಇಲ್ರಿ. ನಾನ ಹಾಕಿದೆ."

"ಹೆಂಗ ಒಯ್ದಿ?"

"ಗಡಗ್ಯಾಗ ಮುಚ್ಚಿ ಒಯ್ದೆ ರೀ. ಹಿತ್ತಲಾಗ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ಕಡೆ ಹೋತು?"

"ಕರೀಮಾಬಿಯವರ ಕಡೆ ಹೋತ್ರಿ. ಅವರ ಕೇಳಿದ್ರು, ನಮ್ಮಲ್ಲೇ ಇರಲಿ ಅಂದ್ರು." ಅವಳು ನಕ್ಕು ಸೇರಿಸಿದಳು: "ಮನಿ ಪೀಡಾ ಹೋತ್ರಿ."

"ಕೇಳಿದ್ರಲ್ರೀ!" ಶಿವಬಸಮ್ಮ ನೆಲಕ್ಕೆ ಕೈ ಬಡಿದಳು. "ಕಬೂಲ್ ಆದ್ಲು! ನಮ್ಮತ್ತಿ ಬಾವಲಿ! ಪೀಡಾ ಅಂತಾಳ್ರೀ, ನಕ್ಕೋತ ಹೇಳ್ತಾಳ್ರೀ!"

ಶೇಖರಮ್ಮನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಅವಳ ಮೋರೆ ಬೂದಿಯಾಯಿತು.

"ಹಾರೋ ಬಾವಲಿ ರೀ! ಒಡವಿ ಅಲ್ರಿ ಯಪ್ಪಾ, ಹಕ್ಕಿ! ರೆಕ್ಕಿ ಇರೋದು! ಅತ್ತಿ, ನೀವ ಹಂಗ ಅನ್ನು ಅಂದ್ರೆಲ್ಲ!"

"ನಾ ಅಂದೆ? ಅಯ್ಯೋ ಶಿವನ!"

ಅಮರಗುಂಡಪ್ಪ ಕೈ ಎತ್ತಿದ. "ತಡಿ ಶಿವಬಸಮ್ಮ. ಅದಕ್ಕೂ ಬಾವಲಿ ಅಂತಾರಲ್ಲ ಮಂದಿ."

"ಅನ್ನೋರು ಅಂತಾರ್ರಿ. ನಮ್ಮ ಮನ್ಯಾಗ ಅನ್ನಂಗಿಲ್ಲ. ಮಗ ಕುಂತಾನ, ಕೇಳ್ರಿ."

"ಹಿತ್ತಲ ಕರೀಮಾಬಿಗೆ ಗೊತ್ತೈತ್ರಿ, ಆಕಿನ್ನ ಕರೀರಿ!" ಅಂದಳು ಶೇಖರಮ್ಮ.

"ಮಾಲ್ ಇಟ್ಕೊಂಡಾಕಿ ಸಾಕ್ಷಿ ಹೇಳ್ತಾಳಂತ!" ಅಂದಳು ಅತ್ತೆ. ಕರೀಮಾಬಿ ಅಷ್ಟರಲ್ಲೇ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಬಾಯಿ ತೆರೆದಳು. ಹಿಂದಿನಿಂದ ಲಾಲ್‌ಸಾಬ್ ಅವಳ ರಟ್ಟೆ ಹಿಡಿದು ಎಳೆದ. ಇದ್ದದ್ದು ಶಿವಬಸಮ್ಮನ ಮನೆ, ಹೆಸರು ಬಂದದ್ದು ಕಳುವಿನಲ್ಲಿ, ಪೊಲೀಸ್ ಕಾರ್ಯಾಚರಣೆಯ ಗದ್ದಲದ ವರ್ಷ ತನ್ನವರಿಗೆ ಆದದ್ದನ್ನು ಅವನು ಮರೆತಿರಲಿಲ್ಲ.

"ಹಂಪಣ್ಣ," ಅಂದ ಅಮರಗುಂಡಪ್ಪ, "ನೀ ಹೇಳಪ್ಪ. ನಿಮ್ಮ ಮನ್ಯಾಗ ಆ ಹಾರೋದಕ್ಕ ಏನಂತೀರಿ?"

ಶೇಖರಮ್ಮ ಗಂಡನನ್ನು ನೋಡಿದಳು. ಅವಳ ಮುಂಗೈಯ ಮೇಲೆ ಅವನ ಬಡಿಗೆಯ ಗುರುತು ಇನ್ನೂ ಹಸಿರಾಗಿತ್ತು. ಆ ಸಂಜೆ ನಡೆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಒಂದು ಮಾತು ಹೇಳಿದರೆ ಸಾಕಿತ್ತು.

ಹಂಪಣ್ಣ ಬರಿದಾದ ಕಪ್ಪನ್ನು ಬಸಿಯ ಮೇಲೆ ತಿರುಗಿಸಿ ಇಟ್ಟ.

"ತೊಗಲಹಕ್ಕಿ ಅಂತೀವ್ರಿ," ಅಂದ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಹಿರಿಯರು ಹೌದೌದು ಅಂದರು. ಶಿವಬಸಮ್ಮ ಆಮೇಲೆ ದೊಡ್ಡ ಮನಸ್ಸು ತೋರಿಸಿದಳು: ಫೌಜದಾರನ ಹತ್ತಿರ ಹೋಗುವುದಿಲ್ಲ, ಹಿತ್ತಲಿನವರನ್ನು ಕೆದಕುವುದಿಲ್ಲ, ಒಡವೆ ಹೋದರೆ ಹೋಯಿತು, ಇವಳು ತವರಿಗೆ ಹೋದರೆ ಸಾಕು. ಎಷ್ಟು ದೊಡ್ಡ ಹೆಂಗಸು ಎಂದು ಅವರೆಲ್ಲ ತಲೆದೂಗಿ ಎದ್ದರು.

ಮರುದಿನ ಹಂಪಣ್ಣ ಅವಳನ್ನು ಲಿಂಗಸುಗೂರಿನವರೆಗೆ ಬಸ್ಸಿನಲ್ಲಿ ಕರೆದೊಯ್ದ. ಮುದಗಲ್ಲಿನ ಬಸ್ಸು ನಿಂತಿತ್ತು. ಅವನು ಬಾಳೆಹಣ್ಣು ತಂದುಕೊಟ್ಟ.

"ನಿಮಗ ಗೊತ್ತಿತ್ತಲ್ರೀ?" ಅಂದಳು ಶೇಖರಮ್ಮ.

"ಬಸ್ಸ ಹೊಂಡತೈತಿ, ಹತ್ತು."

"ನಮ್ಮ ಅತ್ತಿಗಿ ಒಳಗ ಕರಕೊಳ್ಳಂಗಿಲ್ಲ. ಕಳ್ಳಿ ಅಂತ ಸುದ್ದಿ ನನಗಿಂತ ಮೊದ್ಲ ಹೋಗಿರತೈತಿ. ನಾ ಎಲ್ಲಿಗೆ ಹೋಗ್ಲಿ?"

"ಹತ್ತು ಅಂದೆ."

ಅವಳು ಹತ್ತಿದಳು. ಬಾಳೆಹಣ್ಣು ಅವನ ಕೈಯಲ್ಲೇ ಉಳಿದವು. ಮಸ್ಕಿಗೆ ವಾಪಸು ಬರುವ ಬಸ್ಸಿನಲ್ಲಿ ಕೂತು ಅವನು ಅವನ್ನೆಲ್ಲ ತಾನೇ ತಿಂದ.

ಬಸವಜಯಂತಿ ಮುಗಿಯುತ್ತಲೇ ಮದುವೆ ಆಯಿತು. ಕಸ್ತೂರೆಮ್ಮ ಎರಡು ಕಿವಿಯಲ್ಲೂ ಬಾವಲಿ ಹಾಕಿಕೊಂಡು ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದಳು. ಅಂಥವೇ ಮಾಡಿಸಿದೆ ಎಂದಳು ಶಿವಬಸಮ್ಮ. ಅಮರಗುಂಡಪ್ಪ ಹೋಳಿಗೆ ಉಂಡು ಹರಸಿ ಹೋದ. ಹಿತ್ತಲಿನವರಿಗೆ ಮನೆ ಬಿಡಲು ಹೇಳಿದ್ದಾಗಿತ್ತು. ಕೆದಕುವುದಿಲ್ಲ ಎಂದಿದ್ದಳು, ಇಟ್ಟುಕೊಳ್ಳುತ್ತೇನೆ ಎಂದಿರಲಿಲ್ಲವಲ್ಲ. ಲಾಲ್‌ಸಾಬ್ ಸಿಂಧನೂರಿನಲ್ಲಿ ಒಂದು ಕೋಣೆ ಹುಡುಕಿದ್ದ. ಅವರು ಗಾಡಿಗೆ ಸಾಮಾನು ಹೇರುತ್ತಿದ್ದ ಸಂಜೆಯೇ ಇವರು ದೀಪ ಹಚ್ಚಿ ಊಟಕ್ಕೆ ಕೂತಿದ್ದರು. ಬೆಳಕಿಂಡಿಯಿಂದ ಕರ್ರಗಿನದು ಇಳಿದು ಒಂದು ಸುತ್ತು ಹಾಕಿತು.

"ಯವ್ವಾ! ಬಾವಲಿ!" ಕಸ್ತೂರೆಮ್ಮ ಅನ್ನದ ತಟ್ಟೆ ಬಿಟ್ಟು ಎದ್ದು ಕಿರುಚಿದಳು. "ಅತ್ತೀ, ಬಾವಲಿ! ಬಾವಲಿ ಬಂತು!"

ಹಂಪಣ್ಣನ ಬಡಿಗೆ ಈ ಸಲ ಮೊದಲ ಏಟಿಗೇ ತಾಗಿತು. ಹಕ್ಕಿ ನೆಲಕ್ಕೆ ಬಿತ್ತು. ಆಗ ಗೋಡೆಯಾಚೆಯಿಂದ, ಇಡೀ ಓಣಿಗೆ ಕೇಳುವಂತೆ, ಕರೀಮಾಬಿ ಕೂಗಿದಳು:

"ಶಿವಬಸಮ್ಮನೋರ! ಯಾವ ಬಾವಲಿ ರೀ ಬಂದದ್ದು?"

ಶಿವಬಸಮ್ಮ ಎದ್ದಳು. ತಾನು ಹಂಬಲಿಸಿ ತಂದ ತಮ್ಮನ ಮಗಳ ಕೆನ್ನೆಗೆ ಬೀಸಿ ಹೊಡೆದಳು. ಏಟು ಕಿವಿಗೆ ಬಿತ್ತು. ಬಾವಲಿಯ ತಂತಿ ಮೇಲಂಚನ್ನು ಹರಿದು ರಕ್ತ ಇಳಿಯಿತು.

"ಈ ಮನ್ಯಾಗ ಅದಕ್ಕ ಏನಂತಾರ?"

"ನನಗ ಗೊತ್ತಿಲ್ಲತ್ತಿ..."

"ತೊಗಲಹಕ್ಕಿ. ಅನ್ನು."

ಕಸ್ತೂರೆಮ್ಮ ಕಿವಿ ಒತ್ತಿಹಿಡಿದು ಹಂಪಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಬಾವಲಿ ರೆಕ್ಕೆ ಎಳೆದುಕೊಂಡು ಗೋಡೆಯ ಕಡೆ ತೆವಳುತ್ತಿತ್ತು. ಗಡಿಗೆ ಮೂಲೆಯಲ್ಲಿ ಇತ್ತು, ಕೇರುವ ಮರ ಗೂಟಕ್ಕೆ ತೂಗುಬಿದ್ದಿತ್ತು, ಹೇಗೆ ಹಿಡಿದು ಎಲ್ಲಿಗೆ ಹಚ್ಚಿ ಬಿಡಬೇಕು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಏನ ನೋಡ್ತೀಯೋ? ಹೊಡಿ," ಅಂದಳು ತಾಯಿ.

ಅವನು ಹೊಡೆದ.

"ಅನ್ನಬೇ," ಅಂದಳು ಶಿವಬಸಮ್ಮ ಮತ್ತೊಮ್ಮೆ.

"ತೊಗಲಹಕ್ಕಿ ರೀ ಅತ್ತಿ," ಅಂದಳು ಕಸ್ತೂರೆಮ್ಮ.